ಲಿಫ್ಟ್ ಮಾಮ ಅಡಗಿಸಿದ ಸದ್ದು

ಲಿಫ್ಟ್ ಮಾಮನ ಕಿವಿಯ ವಿಷಯ ಮೊದಲೇ ಹೇಳಿಬಿಡಬೇಕು. ಆಮೇಲೆ ನಡೆದದ್ದನ್ನು ಕೇಳಿದರೆ ಈ ಮನುಷ್ಯನಿಗೆ ಕಿವಿಯೇ ಇರಲಿಲ್ಲವೇನೋ ಅಂದುಕೊಳ್ಳುತ್ತೀರಿ. ಇತ್ತು ಸ್ವಾಮಿ. ಅಂಥ ಕಿವಿ ಆ ಬಡಾವಣೆಯಲ್ಲಿ ಇನ್ನೊಬ್ಬರಿಗಿರಲಿಲ್ಲ. ಹನ್ನೊಂದು ಕಟ್ಟಡಗಳ ಲಿಫ್ಟುಗಳನ್ನು ಮೂವತ್ತಮೂರು ವರ್ಷ ನೋಡಿಕೊಂಡವನು ಅವನು. ಚಿಕ್ಕವರು ದೊಡ್ಡವರೆಲ್ಲ ಅವನನ್ನು ಕರೆಯುವುದೇ ಲಿಫ್ಟ್ ಮಾಮ ಅಂತ. ತಾರಸಿಯ ಮೇಲಿನ ಮೋಟಾರು ಕೋಣೆಗೆ ಹತ್ತಿ, ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಿದ್ದ. ಅರ್ಧ ನಿಮಿಷ. ಆಮೇಲೆ, "ಎಡಗಡೆ ಬೇರಿಂಗ್ ಇನ್ನು ಎರಡು ತಿಂಗಳು" ಅನ್ನುತ್ತಿದ್ದ. ಎರಡು ತಿಂಗಳಿಗೆ ಸರಿಯಾಗಿ ಅದು ಹೋಗುತ್ತಿತ್ತು.

ಒಂದು ಸಲ ನಾಲ್ಕನೇ ಕಟ್ಟಡದ ಕಾರ್ಯದರ್ಶಿ ಅವನನ್ನು ಹಿಡಿದು ನಿಲ್ಲಿಸಿದರು. "ಏನ್ರೀ ಇದು, ಲಿಫ್ಟು ಕರಕರ ಅಂತಿದೆ, ಮೇಲಿನ ಮನೆಯವರು ದಿನಾ ನನ್ನ ತಲೆ ತಿಂತಿದ್ದಾರೆ. ಸ್ವಲ್ಪ ಗ್ರೀಸ್ ಬಳಿದು ಬಾಯಿ ಮುಚ್ಚಿಸಿಬಿಡಿ."

ಯಾರೆದುರೂ ದನಿಯೆತ್ತದ ಮಾಮ ಅವತ್ತು ಎತ್ತಿದ. "ಬಾಯಿ ಮುಚ್ಚಿಸೋದು ನನ್ನ ಕೆಲಸ ಅಲ್ಲ ಸಾರ್. ಅದು ಯಾಕೆ ಕರಕರ ಅಂತಿದೆ ಅಂತ ನೋಡೋದು ನನ್ನ ಕೆಲಸ. ಸದ್ದು ಮಾಡೋ ಲಿಫ್ಟಿಗೆ ನಾನು ಹೆದರಲ್ಲ. ಹೇಳ್ಕೊಳ್ಳೋದು ನಿಲ್ಲಿಸಿದ ಲಿಫ್ಟಿಗೆ ಹೆದರ್ತೀನಿ." ಲಿಫ್ಟನ್ನು ಇಡೀ ದಿನ ನಿಲ್ಲಿಸಿ, ಎಂಟು ಮಹಡಿಯವರ ಬೈಗುಳ ತಿಂದು, ಕೊನೆಗೆ ಉಕ್ಕಿನ ಹಗ್ಗದಲ್ಲಿ ಒಂದು ಎಳೆ ಸವೆದು ಕಿತ್ತುಬಂದಿದ್ದನ್ನು ತೋರಿಸಿದ. ಕಾರ್ಯದರ್ಶಿಗಳ ಮುಖ ಬಿಳುಚಿಕೊಂಡಿತು. ಥ್ಯಾಂಕ್ಸ್ ಅಂತೂ ಹೇಳಲಿಲ್ಲ.

ಅವನ ಮಾತಿಗೆ ಬೆಲೆ ಇದ್ದದ್ದು ಮೋಟಾರು ಕೋಣೆಯಲ್ಲಿ ಮಾತ್ರ ಅನ್ನಿ. ಕೆಳಗಿಳಿದರೆ ಎಲ್ಲರೂ ಅವನಿಗೆ ಯಜಮಾನರೇ. ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಬೈಯುತ್ತಿದ್ದರು, ಸಿಕ್ಕಿಬೀಳದವರೂ ಬೈಯುತ್ತಿದ್ದರು. ಮನೆಯಲ್ಲಿ ಹೆಂಡತಿಯದೇ ಕಾರುಬಾರು. ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದ ಆಕೆ ಮುನ್ನೂರು ಮಕ್ಕಳನ್ನೂ ಹೆಡ್ ಮಾಸ್ಟರರನ್ನೂ ಗದರಿಸಿ ಇಡುತ್ತಿದ್ದವಳು, ಒಬ್ಬ ಗಂಡ ಯಾವ ಲೆಕ್ಕ? ಮಗಳು ದೊಡ್ಡಾಸ್ಪತ್ರೆಯಲ್ಲಿ ನರ್ಸು. ಅವಳು ಓದಿದ್ದನ್ನು, ಕೆಲಸಕ್ಕೆ ಸೇರಿದ್ದನ್ನು, ಮದುವೆಯಾದದ್ದನ್ನು ಅಪ್ಪನಿಗೆ ತಿಳಿಸಿದ್ದಳು. ಒಪ್ಪಿಗೆ ಕೇಳಿರಲಿಲ್ಲ. ಮಾಮ ಎಲ್ಲದಕ್ಕೂ "ಆಗ್ಲಿ ಬಿಡು" ಅಂದಿದ್ದ. ಇದೆಲ್ಲ ಅವನಿಗೆ ಬೇಸರವೇನಲ್ಲ ಅಂತ ಎಲ್ಲರೂ ತಿಳಿದಿದ್ದರು. ಬೇಸರವಿತ್ತು.

ನಾಯಿ ಸಿಕ್ಕಿದ್ದೂ ಕಿವಿಯಿಂದಲೇ. ಒಂದು ಬೆಳಗ್ಗೆ ಏಳನೇ ಕಟ್ಟಡದಲ್ಲಿ ಲಿಫ್ಟಿನ ಬಾಗಿಲ ಮುಂದೆ ನಿಂತಿದ್ದಾಗ ಕೆಳಗಿನಿಂದ ಒಂದು ಸಣ್ಣ ಕುಂಯ್ಗುಟ್ಟುವಿಕೆ ಕೇಳಿಸಿತು. ಪಕ್ಕದಲ್ಲಿದ್ದ ಐದಾರು ಜನಕ್ಕೆ ಏನೂ ಕೇಳಿಸಲಿಲ್ಲ. "ಟೈಮಾಯ್ತು, ಬೇಗ ಬಿಡ್ರೀ" ಅಂದರು. ಮಾಮ ಕರೆಂಟು ತೆಗೆದು, ಲಿಫ್ಟಿನ ತಳದ ಗುಂಡಿಗೆ ಇಳಿದ. ಎಣ್ಣೆಯ ಕೆಸರಿನಲ್ಲಿ ಅಂಗೈಯಗಲದ ಮರಿಯೊಂದು ಎಡಮಗ್ಗುಲಾಗಿ ಬಿದ್ದಿತ್ತು. ರಿಪೇರಿಗೆಂದು ತೆರೆದಿಟ್ಟಿದ್ದ ಬಾಗಿಲಿನಿಂದ ಹಿಂದಿನ ದಿನ ಜಾರಿರಬೇಕು. ಅಂಗಿಯೊಳಗೆ ಹಾಕಿಕೊಂಡು ಮನೆಗೆ ತಂದ. ಒಂದು ವಾರ ಎಡ ಹಿಂಗಾಲು ಎಳೆಯಿತು, ಆಮೇಲೆ ಓಡಾಡಿತು. ಸರಿಹೋಯಿತು ಅಂದುಕೊಂಡರು. ಹಾಸಿಗೆ, ಕುರ್ಚಿ, ಹೆಂಡತಿಯ ಮಡಿಲು ಎಲ್ಲ ಆಕ್ರಮಿಸಿಕೊಂಡ ಮರಿಗೆ ಮಗಳು "ದೊರೆ" ಅಂತ ಹೆಸರಿಟ್ಟಳು. ದೊರೆ ಮೂರು ವರ್ಷ ದೊರೆಯ ಹಾಗೇ ಬದುಕಿದ.

ಮೂರನೇ ವರ್ಷದ ಕೊನೆಗೆ ಒಂದು ಸಂಜೆ ಮಾಮ ಕೆಲಸದಿಂದ ಬಂದು, ಸೋಫಾದ ಮೇಲೆ ಮಲಗಿದ್ದ ದೊರೆಯನ್ನು "ಸರಿಯೋ ಮಹಾರಾಯ" ಅಂತ ಹಿಂಬದಿಯಿಂದ ತಳ್ಳಿದ. ದೊರೆ ತಲೆ ತಿರುಗಿಸಿ ಗುರ್ ಅಂದ. ಮಾಮ ಕೈ ಎಳೆದುಕೊಂಡ. ಅವನಿಗೆ ಹೆದರಿಕೆಗಿಂತ ಹೆಚ್ಚಾಗಿ ಅವಮಾನವಾಯಿತು. ಕಾರ್ಯದರ್ಶಿಗಳಾಯಿತು, ಹೆಂಡತಿಯಾಯಿತು, ಮಗಳಾಯಿತು, ಈಗ ಗುಂಡಿಯಿಂದ ಎತ್ತಿ ತಂದ ನಾಯಿಯೂ!

ಮರುದಿನ ಪಾರ್ಕಿನಲ್ಲಿ ನಾಯಿ ಮೇಷ್ಟ್ರು ಸಿಕ್ಕರು. ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಯಾವುದೋ ಕಾರ್ಖಾನೆಯ ಕಾವಲು ನಾಯಿಗಳನ್ನು ಇಪ್ಪತ್ತು ವರ್ಷ ಪಳಗಿಸಿ ನಿವೃತ್ತರಾದವರು, ಈಗ ಕೇಳಿದವರಿಗೂ ಕೇಳದವರಿಗೂ ಪಾಠ ಹೇಳುವವರು. ಮಾಮ ಹೇಳಿದ್ದನ್ನೆಲ್ಲ ಕೇಳಿ ನಕ್ಕರು.

"ದೊರೆ ಅಂತ ಹೆಸರಿಟ್ಟಿದ್ದೀಯಾ! ಇನ್ನೇನಾಗತ್ತೆ? ನೋಡಪ್ಪಾ, ನಾಯಿ ಅಂದ್ರೆ ತೋಳದ ಜಾತಿ. ಹಿಂಡಿಗೊಬ್ಬ ನಾಯಕ ಇರ್ಲೇಬೇಕು. ನೀನಾಗದಿದ್ರೆ ಅದು ಆಗತ್ತೆ. ನಿನ್ನೆ ಗುರ್ ಅಂದಿದ್ದು ಅದಕ್ಕೇ. ಕುರ್ಚಿ ಖಾಲಿ ಇದೆ, ನಾನು ಕೂತ್ಕೊಳ್ಳಲಾ ಅಂತ ಕೇಳ್ತಿದೆ."

"ಏನ್ಮಾಡ್ಲಿ ಮೇಷ್ಟ್ರೇ?"

"ನೀನು ತಿಂದಾದ್ಮೇಲೇ ಅದಕ್ಕೆ ಊಟ. ತಿನ್ನೋವಾಗ ಮಧ್ಯದಲ್ಲಿ ತಟ್ಟೆ ಕಿತ್ಕೋ, ಯಾರ ಅನ್ನ ಅಂತ ತಿಳೀಲಿ. ಬಾಗಿಲು ದಾಟೋವಾಗ ಮೊದಲು ನೀನು, ಆಮೇಲೆ ಅದು. ಸೋಫಾ ಹತ್ತಕೂಡದು. ಗುರ್ ಅಂತೋ, ಕತ್ತು ಹಿಡಿದು ನೆಲಕ್ಕೆ ಒತ್ತು. ಸದ್ದು ನಿಲ್ಲೋವರೆಗೂ ಬಿಡಬೇಡ. ಒಂದು ಸಲ ಬಿಟ್ಟೆಯೋ, ಕೆಟ್ಟೆ."

ಸದ್ದು ನಿಲ್ಲುವವರೆಗೂ! ಈ ಮಾತು ಬೇರೆ ಯಾರಿಗಾದರೂ ಹೇಳಿದ್ದರೆ ಹೋಗಲಿ ಅನ್ನಬಹುದಿತ್ತು. ಗ್ರೀಸ್ ಬಳಿಯಲ್ಲ ಅಂತ ಎಂಟು ಮಹಡಿಯ ಜನರನ್ನು ಎದುರು ಹಾಕಿಕೊಂಡವನು, ಅಯ್ಯೋ ಪುಣ್ಯಾತ್ಮ, ಅದನ್ನು ತಲೆಬಾಗಿ ಕೇಳಿಸಿಕೊಂಡು ಮನೆಗೆ ಬಂದ. ಅವತ್ತಿನಿಂದಲೇ ದೊರೆ ಅನ್ನುವ ಹೆಸರು ನಿಂತುಹೋಯಿತು. ನಾಯಿಗೆ "ಲೋ" ಅಂತ ಹೆಸರಾಯಿತು.

ಮೊದಮೊದಲು ಹೆಂಡತಿ ನಕ್ಕಳು. ಐವತ್ತು ದಾಟಿದ ಗಂಡ ನಾಯಿಯೆದುರು ನಿಂತು, ಎದೆ ಉಬ್ಬಿಸಿ ಬ್ರೆಡ್ ತುಂಡು ಅಗಿದು ತೋರಿಸುವುದನ್ನು ನೋಡಿದರೆ ಯಾರಿಗೆ ನಗು ಬರುವುದಿಲ್ಲ? ಆದರೆ ಅದು ಕೆಲಸ ಮಾಡಿತು ನೋಡಿ. ನಾಯಿ ಬಾಗಿಲ ಬಳಿ ಬಂದು ನಿಂತು, ಅವನು ದಾಟುವವರೆಗೆ ಮುಖ ನೋಡುತ್ತ ಕಾಯತೊಡಗಿತು. ಊಟದ ಮಧ್ಯೆ ತಟ್ಟೆ ಎತ್ತಿದರೆ ಹಿಂದೆ ಸರಿದು ಕೂರತೊಡಗಿತು. ಮೈ ಮುಟ್ಟಿದಾಗ ಆಗಾಗ ಗುರ್ ಅನ್ನುತ್ತಿತ್ತು. ಮಾಮ ಕತ್ತು ಹಿಡಿದು ನೆಲಕ್ಕೆ ಒತ್ತುತ್ತಿದ್ದ. ಐದು ನಿಮಿಷ, ಹತ್ತು ನಿಮಿಷ. ಅಂಗೈಯ ಕೆಳಗೆ ಗಂಟಲು ಅದುರುವುದು ನಿಂತ ಮೇಲೆಯೇ ಎದ್ದು, ಬೆವರು ಒರೆಸಿಕೊಂಡು, "ಈಗ ಗೊತ್ತಾಯ್ತಾ ಯಾರು ಯಜಮಾನ ಅಂತ?" ಅನ್ನುತ್ತಿದ್ದ. ಆರು ತಿಂಗಳಲ್ಲಿ ಗುರ್ ಅನ್ನುವುದು ಪೂರ್ತಿ ನಿಂತುಹೋಯಿತು.

ಮಾಮ ಆ ದಿನಗಳಲ್ಲಿ ಬಹಳ ಸುಖವಾಗಿದ್ದ, ಅದನ್ನು ಮುಚ್ಚಿಡುವುದು ಯಾಕೆ? ಲೋಕದಲ್ಲಿ ಒಂದು ಜೀವವಾದರೂ ಅವನ ಮಾತಿಗೆ ಕಾದು ನಿಲ್ಲುತ್ತಿತ್ತು. ಪಾರ್ಕಿನಲ್ಲಿ ನಾಲ್ಕು ಜನರೆದುರು ಅದನ್ನು ಕೂರಿಸಿ, ಏಳಿಸಿ, "ಏನು ಮಾಡಿದ್ರೂ ಒಂದು ಸದ್ದಿಲ್ಲ ನೋಡಿ" ಅನ್ನುತ್ತಿದ್ದ. ಮೇಷ್ಟ್ರು ಬೆನ್ನು ತಟ್ಟುತ್ತಿದ್ದರು.

ಹೆಂಡತಿ ಮಾತ್ರ ಒಂದು ದಿನ ಬಟ್ಟೆ ಮಡಚುತ್ತ ಅಂದಳು, "ರೀ, ಇದು ಮೊದಲಿನ ಹಾಗಿಲ್ಲ ಕಣ್ರೀ. ಮುಟ್ಟಿದ್ರೆ ಕಲ್ಲಾಗಿಬಿಡತ್ತೆ. ಕಣ್ಣು ಬೇರೆ ಎಲ್ಲೋ ನೋಡತ್ತೆ."

"ಅದು ಮರ್ಯಾದೆ ಕಣೇ. ನೀನೂ ಸ್ವಲ್ಪ ಕಲಿ" ಅಂದ. ಮದುವೆಯಾಗಿ ಮೂವತ್ತು ವರ್ಷಕ್ಕೆ ಅವಳಿಗೆ ಅಂಥ ಮಾತು ಹೇಳಿದ್ದು ಅದೇ ಮೊದಲು. ಹೇಳಿ ಅವನಿಗೇ ಖುಷಿಯಾಯಿತು.

ಮಗಳಿಗೆ ಪಾಳಿ ಕೆಲಸ, ಅಳಿಯನಿಗೆ ಊರೂರು ತಿರುಗುವ ಕೆಲಸ. ಹಾಗಾಗಿ ನಾಲ್ಕು ವರ್ಷದ ಮೊಮ್ಮಗಳು ವಾರದಲ್ಲಿ ಐದು ದಿನ ತಾತನ ಮನೆಯಲ್ಲೇ ಇರುತ್ತಿದ್ದಳು. ಮನೆ ಅಂದರೆ ಎರಡು ಕೋಣೆ, ಒಂದು ಅಡುಗೆಮನೆ. ನಾಯಿಗೊಂದು ಮೂಲೆ, ಮಗುವಿಗೊಂದು ಮೂಲೆ ಅಂತ ಹಂಚುವಷ್ಟು ಜಾಗವಿಲ್ಲ.

ಅವತ್ತು ಭಾನುವಾರ ಮಧ್ಯಾಹ್ನ. ಮಾಮ ನೆಲದ ಮೇಲೆ ಟೇಬಲ್ ಫ್ಯಾನು ಬಿಚ್ಚಿಕೊಂಡು, ಒಳಗೆಲ್ಲೋ ಕೇಳುತ್ತಿದ್ದ ಟಿಕ್ ಟಿಕ್ ಎಲ್ಲಿಯದು ಅಂತ ಹುಡುಕುತ್ತಿದ್ದ. ಕಿಟಕಿಯ ಕೆಳಗೆ ಬಿಸಿಲಿನಲ್ಲಿ ನಾಯಿ ಮಲಗಿತ್ತು. ಮಗು ಚಿತ್ರದ ಪುಸ್ತಕ ಹಿಡಿದು ಬಂದು, ನಾಯಿಯ ಸೊಂಟವನ್ನು ದಿಂಬು ಮಾಡಿಕೊಂಡು ಒರಗಿತು. ಮಾಮ ಅವರಿಂದ ನಾಲ್ಕು ಅಡಿ ದೂರದಲ್ಲಿದ್ದ. ಮೋಟಾರಿನ ಹೊಟ್ಟೆಯೊಳಗಿನ ಕೂದಲೆಳೆಯಷ್ಟು ಬಿರುಕನ್ನು ಕೇಳಬಲ್ಲ ಕಿವಿಗೆ ಏನೂ ಕೇಳಿಸಲಿಲ್ಲ, ಯಾಕೆಂದರೆ ಕೇಳಿಸುವಂಥದ್ದು ಏನೂ ಇರಲಿಲ್ಲ. ನಾಯಿ ಕಲ್ಲಾಯಿತು, ಬೇರೆಲ್ಲೋ ನೋಡಿತು, ಆಮೇಲೆ ಕಚ್ಚಿತು. ಅವನು ತಲೆಯೆತ್ತಿದ್ದು ಮಗುವಿನ ಕಿರುಚಾಟಕ್ಕೆ.

ಕೆನ್ನೆಗೆ ಏಳು ಹೊಲಿಗೆ. ಕಣ್ಣಿಗೆ ಎರಡು ಬೆರಳು ಕೆಳಗೆ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಮಗುವನ್ನು ಹಿಡಿದುಕೊಂಡಿದ್ದವಳು ಮಗಳೇ. ಹೊರಗೆ ಬಂದು ಅಪ್ಪನ ಮುಂದೆ ನಿಂತಳು. ಕಿರುಚಲಿಲ್ಲ.

"ಅಪ್ಪಾ, ಅದು ಗುರ್ ಅಂದಿದ್ರೆ ಇವಳು ಎದ್ದು ಬರ್ತಿದ್ಲು. ಎದುರು ಮನೆ ನಾಯಿ ಗುರ್ ಅಂದ್ರೆ ಎದ್ದು ಓಡಿ ಬರ್ತಾಳೆ, ನಾನೇ ನೋಡಿದ್ದೀನಿ. ಅದು ಇರೋ ಮನೆಗೆ ನನ್ನ ಮಗಳು ಬರಲ್ಲ. ನಾನೂ ಬರಲ್ಲ."

"ಆಗ್ಲಿ" ಅಂದ ಮಾಮ. ಬೇರೆ ಏನು ಹೇಳುತ್ತಾನೆ? ಹೆಂಡತಿ ಶಾಲೆಗೆ ಹದಿನೈದು ದಿನ ರಜೆ ಹಾಕಿ ಮಗಳ ಮನೆಗೆ ಹೋದಳು. ಹೋಗುವಾಗ, "ನಾನು ವಾಪಸ್ ಬರೋಷ್ಟರಲ್ಲಿ ಏನಾದ್ರೂ ಒಂದು ದಾರಿ ಮಾಡಿ" ಅಂದಳು. ಆ ಹದಿನೈದು ದಿನದೊಳಗೆ ನಾಯಿಗೊಂದು ಮನೆ ಸಿಗಬೇಕಿತ್ತು. ಸಿಗದಿದ್ದರೆ ಉಳಿಯುವ ದಾರಿ ಪಶುವೈದ್ಯರ ಕೊನೆಯ ಸೂಜಿಯೊಂದೇ ಅಂತ ಇಬ್ಬರಿಗೂ ಗೊತ್ತಿತ್ತು.

ಮಾಮ ಮೊದಲು ಅದನ್ನು ಪಶುವೈದ್ಯೆಯ ಬಳಿಗೆ ಕರೆದೊಯ್ದ. ಆಕೆ ಎಕ್ಸ್-ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ, ಪೆನ್ನಿನ ತುದಿಯಿಂದ ಎಡ ಸೊಂಟದ ಕೀಲು ತೋರಿಸಿದರು. "ಚಿಕ್ಕದಿದ್ದಾಗ ಬಿದ್ದಿತ್ತಾ?"

"ಲಿಫ್ಟಿನ ಗುಂಡಿಗೆ ಬಿದ್ದಿತ್ತು ಡಾಕ್ಟ್ರೇ. ಎಡಮಗ್ಗುಲಿಗೆ."

"ಕೀಲು ಪೂರ್ತಿ ಸವೆದಿದೆ. ಎರಡು ವರ್ಷದಿಂದಾದ್ರೂ ನೋವಿರ್ಬೇಕು. ಮುಟ್ಟಿದ್ರೆ ಗುರ್ ಅಂತಿರ್ಲಿಲ್ವಾ?"

ಮಾಮ ಎಲ್ಲವನ್ನೂ ಹೇಳಿದ. ತೋಳ, ಹಿಂಡು, ನಾಯಕ, ಕತ್ತು ಹಿಡಿದು ಒತ್ತಿದ್ದು, ಒಂದನ್ನೂ ಬಿಡಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತೋಳಗಳ ಹಿಂಡು ಅಂದ್ರೆ ಒಂದು ಸಂಸಾರ ಕಣ್ರೀ. ಅಪ್ಪ, ಅಮ್ಮ, ಮಕ್ಕಳು. ಕತ್ತು ಹಿಡಿದು ಒತ್ತೋ ನಾಯಕ ಅಲ್ಲೂ ಇಲ್ಲ. ಇದಕ್ಕೆ ನಿಮ್ಮ ಕುರ್ಚಿ ಬೇಕಿರ್ಲಿಲ್ಲ. ಸೊಂಟ ನೋಯ್ತಿದೆ, ಮುಟ್ಟಬೇಡಿ ಅಂತಿತ್ತು. ನೀವು ನೋವು ಹಾಗೇ ಬಿಟ್ಟು ಹೇಳೋದನ್ನ ನಿಲ್ಲಿಸಿದ್ರಿ."

ಈ ಮಾತನ್ನು ಮಾಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂವತ್ತಮೂರು ವರ್ಷ ಊರಿಗೆಲ್ಲ ಅವನೇ ಹೇಳಿಕೊಂಡು ಬಂದದ್ದು. ಕಾರ್ಯದರ್ಶಿಯ ಎದುರು ನಿಂತು ಯಾವ ಬಾಯಲ್ಲಿ ಅದನ್ನು ಹೇಳಿದ್ದನೋ, ಅದೇ ಬಾಯಲ್ಲಿ ಈ ಮೂಕ ಪ್ರಾಣಿಗೆ ಯಾರು ಯಜಮಾನ ಅಂತ ಕೇಳಿದ್ದ. ಥೂ ನನ್ನ ಜನ್ಮಕ್ಕಿಷ್ಟು ಅಂದುಕೊಂಡ.

"ವಾಪಸ್ ಬರತ್ತಾ ಡಾಕ್ಟ್ರೇ? ಗುರ್ ಅನ್ನೋದು?"

"ನೋವಿಗೆ ಮಾತ್ರೆ ಕೊಡ್ತೀನಿ. ಮಕ್ಕಳಿಲ್ಲದ ಮನೆ, ನಾಯಿ ಗೊತ್ತಿರೋ ಜನ, ತಿಂಗಳುಗಟ್ಟಲೆ ತಾಳ್ಮೆ ಇದ್ರೆ ಬಂದ್ರೂ ಬರಬಹುದು. ಬರತ್ತೆ ಅಂತ ಮಾತು ಕೊಡಲ್ಲ."

ಹದಿನೈದು ದಿನದಲ್ಲಿ ನಾಲ್ಕು ಆಗಲೇ ಕಳೆದಿದ್ದವು. ಮಾಮ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿ ಕೂತ. ನಾಯಿಗೆ ತಟ್ಟೆ ಇಟ್ಟು, ಕೈಯನ್ನು ಮೆಲ್ಲಗೆ ಹತ್ತಿರ ತಂದು, "ಬೈಯೋ, ಬೈಯಪ್ಪಾ ನನಗೆ. ಏನೂ ಮಾಡಲ್ಲ" ಅನ್ನುತ್ತಿದ್ದ. ನಾಯಿ ತಟ್ಟೆ ಬಿಟ್ಟು ಹಿಂದೆ ಸರಿದು ಕೂರುತ್ತಿತ್ತು. ಒಂದು ದಿನ ಏನೂ ತೋಚದೆ, ಹಳೇ ಪೈಜಾಮದಲ್ಲಿ ಮೊಣಕಾಲೂರಿ, ಅಂಗೈ ನೆಲಕ್ಕೆ ಊರಿ, ನಾಯಿಯ ಮುಖದೆದುರು ತಾನೇ ಗುರ್ ಅಂದ. ಹೀಗೆ, ನೋಡು, ಹೀಗೆ ಅನ್ನು. ಕಿಟಕಿಯಿಂದ ಯಾರಾದರೂ ನೋಡಿದ್ದರೆ ಹುಚ್ಚು ಹಿಡಿದಿದೆ ಅನ್ನುತ್ತಿದ್ದರು. ನಾಯಿ ಕಿವಿ ಮಡಚಿ, ಬೆನ್ನ ಮೇಲೆ ಹೊರಳಿ, ಹೊಟ್ಟೆ ತೋರಿಸಿ, ಬಾಲದ ತುದಿಯನ್ನು ನೆಲಕ್ಕೆ ಮೆಲ್ಲಗೆ ಬಡಿಯಿತು. ಮಾಮ ಹಾಗೇ ಮಂಡಿಯೂರಿದ್ದಲ್ಲೇ ಅತ್ತ.

ಮಾಮ ನಾಯಿ ಮೇಷ್ಟ್ರ ಮನೆಗೆ ಹೋದ. ಮಕ್ಕಳಿಲ್ಲದ ಮನೆ, ನಾಯಿ ಗೊತ್ತಿರುವ ಜನ. ಮೇಷ್ಟ್ರು ಗೇಟು ಪೂರ್ತಿ ತೆರೆಯಲಿಲ್ಲ.

"ಸದ್ದಿಲ್ಲದೆ ಕಚ್ಚೋ ನಾಯೀನ ನಾನು ಹತ್ರ ಸೇರಿಸಲ್ಲಪ್ಪಾ. ಗುರ್ ಅನ್ನೋದನ್ನ ನಂಬಬಹುದು, ಇದನ್ನ ನಂಬಕ್ಕಾಗಲ್ಲ."

"ನೀವೇ ಹೇಳಿಕೊಟ್ಟಿದ್ದಲ್ವಾ ಮೇಷ್ಟ್ರೇ."

"ನಾನು ನಾಯಕನಾಗು ಅಂದೆ. ನಿನಗೆ ಆಗಕ್ಕೆ ಬರ್ಲಿಲ್ಲ, ಅದಕ್ಕೆ ನಾನೇನು ಮಾಡ್ಲಿ?" ಅಂದು ಒಳಗೆ ಹೋದರು. ಇಂಥವರಿಗೆ ಏನನ್ನಬೇಕು ಹೇಳಿ! ಮಾಮ ಮನೆಯತ್ತ ತಿರುಗಿದ. ಒತ್ತಿದ ಕೈ ಮೇಷ್ಟ್ರದ್ದಾಗಿರಲಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು.

ಹದಿಮೂರನೇ ದಿನ ಊರಾಚೆ ನಾಯಿಗಳನ್ನು ಇಟ್ಟುಕೊಂಡು ಬೇರೆ ಮನೆ ಹುಡುಕಿಕೊಡುವ ಆಶ್ರಯಕ್ಕೆ ಹೋದ. ಅಲ್ಲಿನ ಹೆಂಗಸು ಒಳ್ಳೆಯವಳು. ನಾಯಿಯ ತಲೆ ಸವರಿ, "ಎಷ್ಟು ಶಿಸ್ತು ಇದೆ ಇದಕ್ಕೆ! ಬಾಗಿಲಲ್ಲಿ ಹೇಗೆ ನಿಂತ್ಕೊಳ್ತು ನೋಡಿ" ಅಂದಳು. ಒಂದು ಜಾಗ ಖಾಲಿ ಇದೆ ಅಂದಳು. ಮುಟ್ಟಿದರೆ ನಾಯಿ ಏನು ಮಾಡುತ್ತದೆ ಅಂತ ಪರೀಕ್ಷಿಸಲು ಕೋಲಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಕೈಯೊಂದನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟು, ಮೊದಲು ಫಾರಂ ತುಂಬಿ ಅಂದಳು. ವಯಸ್ಸು, ತೂಕ, ಕಾಯಿಲೆ. ಯಾರನ್ನಾದರೂ ಕಚ್ಚಿದೆಯೇ? ಹೌದು ಅಂತ ಬರೆದ. ಅದನ್ನು ಓದಿಯೂ ಆಕೆ, "ಪರವಾಗಿಲ್ಲ, ನೋವಿಗೆ ಕಚ್ಚಿರೋ ನಾಯಿಗಳು ನಮ್ಮಲ್ಲಿ ಬೇಕಾದಷ್ಟಿವೆ" ಅಂದಳು. ಮುಂದಿನ ಸಾಲು: ಕಚ್ಚುವ ಮುನ್ನ ಎಚ್ಚರಿಕೆ ಕೊಡುತ್ತದೆಯೇ?

ಮಾಮ ಪೆನ್ನು ಹಿಡಿದು ಕೂತ. ತಿಂಗಳು ತಿಂಗಳು ಹನ್ನೊಂದು ಲಿಫ್ಟುಗಳ ಹಾಳೆಯ ಮೇಲೆ "ಸುರಕ್ಷಿತ" ಅಂತ ಬರೆದು ಸಹಿ ಹಾಕಿದವನು ಅವನು. ಒಂದು ಸಲವೂ ಸುಳ್ಳು ಸಹಿ ಹಾಕಿರಲಿಲ್ಲ. ಬರೀ "ಹೌದು" ಅಂದರೆ ಸಾಕಿತ್ತು, ನಾಯಿ ಬದುಕುತ್ತಿತ್ತು. ಆಮೇಲೆ ಯಾವುದೋ ಮನೆ, ಯಾವುದೋ ಕಿಟಕಿ, ಬಿಸಿಲಿನಲ್ಲಿ ಮಲಗಿದ ನಾಯಿ, ಪುಸ್ತಕ ಹಿಡಿದು ಬರುವ ಇನ್ನೊಂದು ಮಗು. ಎರಡು ಬೆರಳು ಮೇಲೆ ಕಚ್ಚಿದ್ದರೆ? ನಾಯಿ ಅವನ ಕಾಲಿಗೆ ಮೈ ತಾಗಿಸಿ ಕೂತಿತ್ತು. ಮಾಮ "ಇಲ್ಲ" ಅಂತ ಬರೆದ.

ಹೆಂಗಸು ಅದನ್ನು ಓದಿ ಫಾರಂ ಅವನತ್ತ ಸರಿಸಿದಳು. "ಇಂಥದ್ದನ್ನ ಯಾರ ಮನೆಗೂ ಕಳಿಸೋಕಾಗಲ್ಲ ಸಾರ್. ಸಾರಿ" ಅಂದಳು. ಪ್ಲಾಸ್ಟಿಕ್ ಕೈಯನ್ನು ತಿರುಗಿ ಕಪಾಟಿನಲ್ಲಿಟ್ಟಳು.

ಹದಿನೈದನೇ ದಿನ ಬೆಳಗ್ಗೆ ಮಾಮ ಎರಡು ಮೊಟ್ಟೆ ಬೇಯಿಸಿ ಬ್ರೆಡ್ಡಿನ ಜೊತೆ ಕಲಸಿ ತಟ್ಟೆಗೆ ಹಾಕಿದ. ತಾನು ಏನೂ ತಿಂದಿರಲಿಲ್ಲ. ನಾಯಿ ತಟ್ಟೆಯನ್ನು ನೋಡಿತು, ಅವನನ್ನು ನೋಡಿತು, ಬಾಯಿ ಹಾಕಲಿಲ್ಲ. ಅವನು ಒಂದು ತುಂಡು ಬ್ರೆಡ್ ಬಾಯಿಗಿಟ್ಟು ಅಗಿದು ನುಂಗಬೇಕಾಯಿತು. ಆಗ ತಿಂದಿತು.

ಪಶುವೈದ್ಯೆಯ ಒಳಕೋಣೆಯ ಬಾಗಿಲು ತೆರೆದೇ ಇತ್ತು. ನಾಯಿ ಹೊಸ್ತಿಲ ಬಳಿ ನಿಂತು ಮುಖ ಎತ್ತಿ ಅವನನ್ನು ನೋಡಿತು.

"ಹೋಗು ದೊರೆ. ಇವತ್ತು ನೀನು ಮೊದಲು" ಅಂದ. ದೊರೆ ಕದಲಲಿಲ್ಲ. "ಹೋಗಪ್ಪಾ, ನಾನೇ ಹೇಳ್ತಿದ್ದೀನಲ್ಲ." ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ತಳ್ಳಿದ. ದೊರೆ ಕಲ್ಲಾಗಿ ನಿಂತ. ಒಳಗೆ ಡಾಕ್ಟರು ಕಾಯುತ್ತಿದ್ದರು. ಕೊನೆಗೆ ಮಾಮನೇ ಮೊದಲು ಒಳಗೆ ಹೋದ, ದೊರೆ ಹಿಂದೆಯೇ ಬಂದ.

ಮೇಜಿನ ಮೇಲೆ ಬಲಮಗ್ಗುಲಾಗಿ ಮಲಗಿಸಿದರು. ಮಾಮ ಒಂದು ಅಂಗೈಯನ್ನು ದೊರೆಯ ಗಂಟಲಿನ ಮೇಲಿಟ್ಟ, ಒತ್ತಲಿಲ್ಲ. ಅಲ್ಲಿ ಏನಾದರೂ ಅದುರುತ್ತದೋ ಅಂತ ಕಾದ. ಡಾಕ್ಟರು ಸೂಜಿ ಚುಚ್ಚಲೆಂದು ಹಿಂಗಾಲಿನ ನರ ಹುಡುಕಲು ಎಡ ಸೊಂಟ ಹಿಡಿದರು. ದೊರೆಯ ಮೈ ಬಿಗಿಯಿತು, ಕಣ್ಣು ಗೋಡೆಯತ್ತ ಹೋಯಿತು. ಅಂಗೈಯ ಕೆಳಗೆ ಒಂದಿಷ್ಟೂ ಸದ್ದಿಲ್ಲ.

"ಡಾಕ್ಟ್ರೇ, ಅಲ್ಲಿ ಮುಟ್ಟಬೇಡಿ" ಅಂದ ಮಾಮ. "ಅವನಿಗೆ ಅಲ್ಲಿ ನೋಯತ್ತೆ."

ಡಾಕ್ಟರು ಕೈ ತೆಗೆದು, ಮೇಜನ್ನು ಸುತ್ತಿಕೊಂಡು ಮುಂಗಾಲಿನ ಕಡೆಗೆ ಬಂದರು.